ಸಿಸಿಲಿಯಾ ಟೀಚರ್ ಹೊಲಿಸಿದ ಲಂಗ

ಮೊನ್ನೆ ಸೊಸೆ ಪೇಟೆಯಿಂದ ಒಂದು ಪೊಟ್ಟಣ ತಂದು ಮೇಜಿನ ಮೇಲಿಟ್ಟಳು. ಮೊಮ್ಮಗಳ ಅಂಗಿಗೆ ಒಳಪದರ ಹಾಕಲು ತಂದ ಬಿಳಿ ಲಾಂಗ್‌ಕ್ಲಾತ್. ವಯಸ್ಸಾದವರ ಕೆಟ್ಟ ಚಾಳಿಯಂತೆ, ನನ್ನದಲ್ಲದ ಪೊಟ್ಟಣವನ್ನು ಬಿಚ್ಚಿ ನೋಡಿದೆ. ಬಿಚ್ಚಿದ್ದೇ ತಡ, ನೀರು ಕಾಣದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಂತು. ಸ್ವಲ್ಪ ಗಂಜಿ, ಸ್ವಲ್ಪ ಸುಣ್ಣ, ಸ್ವಲ್ಪ ಧೂಳು. ನಿಮಗೂ ಗೊತ್ತಿರುವ ವಾಸನೆಯೇ. ಅದು ನಿಮಗೆ ಏನನ್ನು ನೆನಪಿಸುತ್ತದೋ ಕಾಣೆ. ನನ್ನನ್ನಂತೂ ಅರವತ್ತು ವರ್ಷ ಹಿಂದಕ್ಕೆ, ಮಂಗಳೂರಿನ ಕುದ್ರೋಳಿಯ ಒಬ್ಬ ದರ್ಜಿಯ ಮನೆಯ ಒಳಕೋಣೆಗೆ ಒಯ್ದು ನಿಲ್ಲಿಸಿತು. ಅಲ್ಲಿ ನಾನು ಹೊಟ್ಟೆಗೆ ದಿಂಬು ಕಟ್ಟಿಕೊಂಡು ನಿಂತಿದ್ದೆ. ಯಾಕೆ ಎಂದು ತಿಳಿಯಬೇಕಾದರೆ ಸಿಸಿಲಿಯಾ ಟೀಚರ ವಿಷಯವನ್ನು ಮೊದಲಿನಿಂದ ಹೇಳಬೇಕು.

ಆಗ ನನಗೆ ಇಪ್ಪತ್ತೆರಡು. ಕಾವೂರಿನಿಂದ ದಿನಾ ಬಸ್ಸು ಹಿಡಿದು ಬಂದು ಕುದ್ರೋಳಿಯ ಹತ್ತಿರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆಯಲ್ಲಿ ತುಳು, ಬಸ್ಸಿನಲ್ಲಿ ತುಳು, ಶಾಲೆಯ ಗೇಟು ದಾಟಿದ ಕೂಡಲೇ ಕನ್ನಡ ಪಂಡಿತೆ. ಮೈಯಲ್ಲಿ ಮಾಂಸ ಎಂಬುದೇ ಇರಲಿಲ್ಲ. ಅಂಥ ಮೈಗೆ ನಾನು ಸೀರೆ ಉಡುತ್ತಿದ್ದ ರೀತಿಯನ್ನು ಮೊದಲ ದಿನವೇ ನೋಡಿದ ಗಣಿತದ ಟೀಚರೊಬ್ಬರು, ನನ್ನನ್ನು ಕೈಹಿಡಿದು ಪಕ್ಕದ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು.

“ಎಂತ ಮಾರಾಯ್ತಿ, ಇದು ಸೀರೆಯಾ, ಕಂಬಕ್ಕೆ ಸುತ್ತಿದ ಚಾಪೆಯಾ?”

ಅವರೇ ಸಿಸಿಲಿಯಾ ಟೀಚರ್. ನಲವತ್ತು ದಾಟಿದ, ಮದುವೆಯಾಗದ, ಶಾಲೆಯ ಹಿಂದಿನ ಹೆಂಚಿನ ಮನೆಯ ಅರ್ಧಭಾಗದಲ್ಲಿ ಒಬ್ಬರೇ ಇದ್ದ ಕೊಂಕಣಿ ಕ್ರಿಸ್ತುವ ಹೆಂಗಸು. ಮಂಗಳೂರಿನಲ್ಲಿ ಅವರಷ್ಟು ಅಚ್ಚುಕಟ್ಟಾಗಿ ಸೀರೆ ಉಡುವವರನ್ನು ನಾನು ಮತ್ತೆ ಕಂಡಿಲ್ಲ. ಗಂಜಿ ಹಾಕಿದ ನೂಲಿನ ಸೀರೆ. ನೆರಿಗೆಗಳು ಸ್ಕೇಲಿಟ್ಟು ಎಳೆದ ಗೆರೆಗಳಂತೆ. ಸೊಂಟದಲ್ಲಿ ಬಿಗಿ, ಭುಜದ ಮೇಲೆ ಒಂದೇ ಪಿನ್ನು. ಬೋರ್ಡಿನ ಮೇಲೆ ತ್ರಿಕೋನ ಬರೆದು ತಿರುಗಿದರೆ ಸೀರೆಯೂ ಶಬ್ದ ಮಾಡುತ್ತಾ ತಿರುಗುತ್ತಿತ್ತು. ಆ ಶಬ್ದ ಕೇಳಿದರೆ ಸಾಕು, ಪಕ್ಕದ ಕ್ಲಾಸಿನ ನನ್ನ ಮಕ್ಕಳೂ ಬೆನ್ನು ನೆಟ್ಟಗೆ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ.

ಅಂದಿನ ದಿನಗಳಲ್ಲಿ ಕೆಲಸಕ್ಕೆ ಹೋಗುವ ಹೆಂಗಸಿಗೆ ಬಟ್ಟೆ ಹಿತವಾಗಿರಬೇಕು ಎಂಬ ಯೋಚನೆ ಯಾರಿಗೂ ಇರಲಿಲ್ಲ. ನೋಡಲು ಸರಿಯಿರಬೇಕು, ಅಷ್ಟೆ. ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಮಕ್ಕಳು ದೊಡ್ಡ ಟೀಚರ್ ಎನ್ನುತ್ತಿದ್ದರು, ನಾವೂ ಹಾಗೇ ಕರೆಯುತ್ತಿದ್ದೆವು. ನನ್ನ ಹಾಗೆ ತುಳುವಿನ ಮನೆಯವರು, ಆದರೆ ಮುಖದಲ್ಲಿ ನಗು ಅಪರೂಪ. ಟೀಚರುಗಳು ಗಂಜಿ ಹಾಕಿದ ಸೀರೆಯನ್ನೇ ಉಡಬೇಕು, ಪಾಠ ಮಾಡುವಾಗ ನಿಂತೇ ಇರಬೇಕು ಎಂಬುದು ಅವರ ಕಾನೂನು. ಪ್ರತಿ ಕ್ಲಾಸಿನಲ್ಲೂ ಒಂದು ಕುರ್ಚಿ ಇತ್ತು. ಅದು ಇನ್ಸ್‌ಪೆಕ್ಟರು ಬಂದರೆ ಕೂರಲಿಕ್ಕೆ.

ನಾನು ಸೇರಿದ ಎರಡನೆಯ ವರ್ಷ ಸಿಸಿಲಿಯಾ ಟೀಚರ್ ದಪ್ಪವಾಗತೊಡಗಿದರು. ಮೊದಲು ಮುಖ, ಆಮೇಲೆ ತೋಳು, ಆಮೇಲೆ ಹೊಟ್ಟೆ. ರವಕೆಗಳ ಹೊಲಿಗೆ ಬಿಚ್ಚಿ ಬಿಚ್ಚಿ ಕೊನೆಗೆ ಬಿಚ್ಚಲು ಬಟ್ಟೆಯೇ ಉಳಿಯಲಿಲ್ಲ. ಅವರು ಲಾಡಿಯನ್ನು ಇನ್ನಷ್ಟು ಬಿಗಿದು ಕಟ್ಟಿಕೊಂಡು ಬರುತ್ತಿದ್ದರು. ಟೀಚರುಗಳ ಕೋಣೆಯಲ್ಲಿ ಯಾರೋ ಒಮ್ಮೆ, “ಸಿಸಿಲಿಯಾ ಕೂತರೆ ಬೆಂಚು ನೆಲದೊಳಗೆ ಹೋಗ್ತದೆ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೆ ಸೀರೆ ಉಡಲು ಕಲಿಸಿದ ಹೆಂಗಸಿನ ಮೇಲೆ ನಕ್ಕ ಆ ನಗುವನ್ನು ಇವತ್ತಿಗೂ ಮರೆಯಲಾಗಿಲ್ಲ. ಏಕೆಂದರೆ ಅದಾಗಿ ಹತ್ತು ದಿನಕ್ಕೆ, ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದವರು ಸೀಮೆಸುಣ್ಣ ಕೆಳಗಿಟ್ಟು, ಮೇಜು ಹಿಡಿದುಕೊಂಡು ನಡೆದು, ಇನ್ಸ್‌ಪೆಕ್ಟರ ಕುರ್ಚಿಯಲ್ಲಿ ಕೂತುಬಿಟ್ಟರು. ಮಕ್ಕಳು ಹೆದರಿ ನನ್ನನ್ನು ಕರೆಯಲು ಓಡಿ ಬಂದರು.

ಹೊಟ್ಟೆಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಗಡ್ಡೆ. ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಹೊಕ್ಕುಳಿಂದ ಕೆಳಕ್ಕೆ ಒಂದು ಗೇಣು ಉದ್ದದ ಹೊಲಿಗೆ. ತೊಕ್ಕೊಟ್ಟಿನಲ್ಲಿದ್ದ ಅವರ ತಂಗಿ ಹೊಳೆ ದಾಟಿ ಬಂದು ಆರೈಕೆ ಮಾಡಿದಳು. ಬದುಕಿ ಮನೆಗೆ ಬಂದದ್ದೇ ದೊಡ್ಡದು ಎಂದುಕೊಂಡೆವು. ಆದರೆ ಡಾಕ್ಟರು, ಒಂದು ವರ್ಷ ಸೊಂಟಕ್ಕೆ ಏನನ್ನೂ ಬಿಗಿಯಾಗಿ ಕಟ್ಟಬಾರದು, ಹೆಚ್ಚು ಹೊತ್ತು ನಿಲ್ಲಬಾರದು ಎಂದು ಹೇಳಿ ಕಳಿಸಿದ್ದರು.

ಮೂರು ತಿಂಗಳಾದ ಮೇಲೆ ದೊಡ್ಡ ಟೀಚರ್ ನನ್ನನ್ನು ಕರೆದು, “ಅವರಿಗೆ ಹೇಳು, ಒಂದು ವರ್ಷ ವಿಶ್ರಾಂತಿ ತಕ್ಕೊಳ್ಳಲಿ. ಗಣಿತಕ್ಕೆ ಬೇರೆಯವರನ್ನು ನೋಡ್ತೇನೆ” ಎಂದರು. ಮಾತಿನಲ್ಲಿ ಕಾಳಜಿಯಿತ್ತು. ಆದರೆ ಒಂದು ವರ್ಷದ ಮೇಲೆ ಆ ಜಾಗ ಖಾಲಿ ಇರುವುದಿಲ್ಲ ಎಂಬುದು ನನ್ನಂಥ ಪೆದ್ದಿಗೂ ಅರ್ಥವಾಗುತ್ತಿತ್ತು.

ಆ ಸಂದೇಶ ಹೊತ್ತು ಹೋದೆ. ಸಿಸಿಲಿಯಾ ಟೀಚರ್ ಸಡಿಲವಾದ ಉದ್ದ ಗೌನು ಹಾಕಿಕೊಂಡು ಆರಾಮಕುರ್ಚಿಯಲ್ಲಿದ್ದರು. ಗಡ್ಡೆ ಹೋಗಿತ್ತು, ಮೈ ಹೋಗಿರಲಿಲ್ಲ. ಮಲಗಿ ಮಲಗಿ ಇನ್ನೂ ಬೆಳೆದಿತ್ತು. ತಂದ ಸಂದೇಶ ಹೇಳುವ ಬದಲು, “ಟೀಚರ್, ನೀವು ಮತ್ತೂ ದಪ್ಪ ಆಗಿದ್ದೀರಿ” ಎಂದುಬಿಟ್ಟೆ. ಅವರು ಪಕ್ಕದಲ್ಲಿದ್ದ ದಿಂಬನ್ನು ಎಳೆದು ಹೊಟ್ಟೆಗೆ ಅವುಚಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

“ನಗಿಸಬೇಡ ಮಾರಾಯ್ತಿ, ಹೊಲಿಗೆ ಎಳೀತದೆ. ಎಲ್ಲರೂ ಬಂದು ಬಾಡಿದ್ದೀರಿ ಬಾಡಿದ್ದೀರಿ ಅಂತ ಸುಳ್ಳು ಹೇಳ್ತಾರೆ. ನೀನೊಬ್ಬಳು ನಿಜ ಹೇಳಿದೆ.”

ದೊಡ್ಡ ಟೀಚರ ಮಾತು ತಿಳಿಸಿದೆ. ಅವರ ನಗು ನಿಂತಿತು. ಹಿಂದಿನ ದಿನ ಸೀರೆ ಉಡಲು ನೋಡಿದರಂತೆ. ಲಂಗದ ಲಾಡಿ ಗಾಯದ ಮೇಲೆ ಕೂತ ಕೂಡಲೇ ಕಣ್ಣು ಕತ್ತಲಾಗಿ ನೆಲದ ಮೇಲೆ ಕೂತರಂತೆ.

“ಲಾಡಿ ಕಟ್ಟದೆ ಸೀರೆ ನಿಲ್ಲುದಿಲ್ಲ. ಸೀರೆ ನಿಲ್ಲದೆ ನಾನು ಶಾಲೆಗೆ ಹೋಗುದು ಹೇಗೆ? ಮನೆಯಲ್ಲಿ ಒಂದು ವರ್ಷ ಕೂತರೆ ಈ ಗಾಯ ಗುಣ ಆಗಬಹುದು, ನಾನು ಗುಣ ಆಗುದಿಲ್ಲ.”

ಆಮೇಲೆ ಅವರು ಮಕ್ಕಳ ಹಳೆಯ ಪುಸ್ತಕವೊಂದನ್ನು ಎಳೆದುಕೊಂಡು, ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯತೊಡಗಿದರು.

“ಆದಿತ್ಯವಾರ ತಂಗಿ ನನ್ನನ್ನು ರಿಕ್ಷಾದಲ್ಲಿ ಇಗರ್ಜಿಗೆ ಕರಕೊಂಡು ಹೋಗಿದ್ದಳು. ಪ್ರಾರ್ಥನೆ ಮಾಡಬೇಕಾದವಳು ಪಾದ್ರಿಗಳ ನಿಲುವಂಗಿ ನೋಡ್ತಾ ಕೂತಿದ್ದೆ, ದೇವರು ಕ್ಷಮಿಸಲಿ. ಅಷ್ಟು ಭಾರದ ಜರಿ ಬಟ್ಟೆ, ಸೊಂಟಕ್ಕೆ ತಾಗುದೇ ಇಲ್ಲ. ಎಲ್ಲ ಭುಜದ ಮೇಲೆ. ಹಾಗಾದರೆ ಲಂಗ ಯಾಕೆ ಭುಜದಿಂದ ಇಳಿಯಬಾರದು?”

ನೋಡಿದರೆ, ಹಾಳೆಯ ಮೇಲೆ ತೋಳಿಲ್ಲದ ಒಳಅಂಗಿ, ಅದಕ್ಕೇ ಸೇರಿಸಿ ಹೊಲಿದ ಲಂಗ. ಲಾಡಿ ಇಲ್ಲ. ಸೊಂಟದ ಸುತ್ತ ಹೊರಗಡೆಯಿಂದ ಎರಡು ಬೆರಳು ಅಗಲದ ಪಟ್ಟಿ. ಅದಕ್ಕೆ ಅಲ್ಲಲ್ಲಿ ಮಾತ್ರ ಹೊಲಿಗೆ. ನಡುವಿನ ಸಂದುಗಳಲ್ಲಿ ಸೀರೆ ಸಿಕ್ಕಿಸುವುದು. ತನ್ನ ನೋವನ್ನೇ ಎದುರಿಗಿಟ್ಟುಕೊಂಡು ಲೆಕ್ಕದಂತೆ ಬಿಡಿಸುತ್ತಿದ್ದ ಆ ಹೆಂಗಸನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ನಾನು ಆ ಹಾಳೆ ಹಿಡಿದು ಹೋದದ್ದು ಉಸ್ಮಾನಾಕನ ಅಂಗಡಿಗೆ. ಬಿಳಿ ಗಡ್ಡದ ಬ್ಯಾರಿ ಮುಸಲ್ಮಾನ ದರ್ಜಿ, ಮನೆಯ ಮುಂಭಾಗದಲ್ಲೇ ಹೊಲಿಗೆ ಮೆಷಿನು. ಹೆಂಗಸರ ಒಳಉಡುಪಿನ ಚಿತ್ರ ನೋಡಿದ ಕೂಡಲೇ ಅವರು ಕಣ್ಣು ತಗ್ಗಿಸಿ, “ಇದು ನೀವು ಒಳಗೆ ಬೀಫಾತಿಮಾ ಹತ್ತಿರ ಮಾತಾಡಿ ಟೀಚರಮ್ಮ. ಅಳತೆ ಅವಳು ತೆಗೀಲಿ, ನಾನು ಹೊಲೀತೇನೆ” ಎಂದರು. ಅವರ ಹೆಂಡತಿ ಬೀಫಾತಿಮಾ ನನ್ನ ಜೊತೆ ಟೀಚರ ಮನೆಗೆ ಬಂದು ಅಳತೆ ತೆಗೆದಳು. ಗಾಯ ಕಂಡು ಅವಳ ಕೈಯ ಟೇಪು ಒಂದು ಗಳಿಗೆ ನಿಂತಿತು. “ಯಾ ಅಲ್ಲಾ” ಎಂದಳು, ಮತ್ತೆ ಅಳತೆ ಮುಂದುವರಿಸಿದಳು.

ಮೊದಲು ಹೊಲಿದದ್ದು ಕೆಟ್ಟಿತು. ಅದನ್ನು ತೊಟ್ಟು ಸೀರೆ ಉಟ್ಟು ಟೀಚರ್ ಅಂಗಳಕ್ಕೆ ಇಳಿಯುವಷ್ಟರಲ್ಲಿ ಭುಜದ ಪಟ್ಟಿ ಮಾಂಸದೊಳಗೆ ಕೊರೆಯಿತು. ನೆರಿಗೆಗಳ ಭಾರಕ್ಕೆ ಮುಂಭಾಗ ಜೋತು, ಸೀರೆ ಕಾಲಿಗೆ ಸಿಕ್ಕಿಕೊಂಡಿತು. ಮತ್ತೆ ಮತ್ತೆ ನಿಂತು ತೊಟ್ಟು ನೋಡುವ ಶಕ್ತಿ ಅವರಿಗಿರಲಿಲ್ಲ. ಹಾಗಾಗಿಯೇ ನಾನು ಬೀಫಾತಿಮಾಳ ಒಳಕೋಣೆಯಲ್ಲಿ ಹೊಟ್ಟೆಗೊಂದು, ಬೆನ್ನಿಗೊಂದು ದಿಂಬು ಕಟ್ಟಿಕೊಂಡು, ಅದರ ಮೇಲೆ ಆ ಲಂಗ ತೊಟ್ಟು ನಿಂತದ್ದು. ಸುತ್ತ ಹೊಸ ಲಾಂಗ್‌ಕ್ಲಾತಿನ ವಾಸನೆ. ಬೀಫಾತಿಮಾ ನಕ್ಕು ನಕ್ಕು ಗೋಡೆ ಹಿಡಿದಳು. ಬಾಗಿಲಿನ ಪರದೆಯಾಚೆಯಿಂದ ಉಸ್ಮಾನಾಕ ಕೇಳುತ್ತಿದ್ದರು.

“ಎಲ್ಲಿ ಎಳೀತದೆ?”

“ಭುಜದಲ್ಲಿ” ಎಂದೆ.

“ಬಂದರಿನಲ್ಲಿ ಮೂಟೆ ಹೊರುವವರನ್ನು ನೋಡಿದ್ದೀರಾ? ಭುಜಕ್ಕೆ ದಪ್ಪ ಬಟ್ಟೆ ಮಡಚಿ ಇಟ್ಕೊಳ್ತಾರೆ. ಪಟ್ಟಿ ನಾಲ್ಕು ಬೆರಳು ಅಗಲ ಮಾಡುವ, ಒಳಗೆ ಇನ್ನೊಂದು ಪದರ ಕೊಡುವ. ಬೆನ್ನಲ್ಲಿ ಒಂದರ ಮೇಲೆ ಒಂದು ಅಡ್ಡ ಹಾಕುವ. ಮುಂದೆ ಜೋತು ಬೀಳುದಿಲ್ಲ.”

ಬೀಳಲಿಲ್ಲ. ದಿಂಬುಗಳ ಸಮೇತ ನಾನು ಆ ಕೋಣೆಯಲ್ಲಿ ಹತ್ತು ಸುತ್ತು ನಡೆದೆ.

ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ಸಿಸಿಲಿಯಾ ಟೀಚರ್ ಬಂದರು. ಗಂಜಿ ಇಲ್ಲದ ಮೆತ್ತನೆಯ ತಿಳಿನೀಲಿ ಸೀರೆ, ಸೊಂಟ ಮುಚ್ಚುವಷ್ಟು ಉದ್ದದ ಸಡಿಲ ರವಕೆ. ನೆರಿಗೆ ನಾಲ್ಕೇ ನಾಲ್ಕು. ಮಕ್ಕಳು ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು. ದೊಡ್ಡ ಟೀಚರ್ ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ನಮಸ್ಕಾರ ಹೇಳಿ ಸಿಸಿಲಿಯಾ ಟೀಚರ್ ಎಂಟನೆಯ ಕ್ಲಾಸಿಗೆ ಹೋಗಿ, ಇನ್ಸ್‌ಪೆಕ್ಟರ ಕುರ್ಚಿಯನ್ನು ಬೋರ್ಡಿನ ಪಕ್ಕಕ್ಕೆ ಎಳೆದು ಕೂತರು. ದೊಡ್ಡ ಟೀಚರ್ ಹಿಂದೆಯೇ ಬಂದು ಬಾಗಿಲ ಬಳಿ ನಿಂತರು. ಪಕ್ಕದ ಕ್ಲಾಸಿನಲ್ಲಿ ನಾನು ಹಾಜರಿ ಪುಸ್ತಕ ಮುಚ್ಚಿ ಕಿವಿಗೊಟ್ಟೆ. ನಡುವೆ ಇದ್ದದ್ದು ಅರ್ಧ ಗೋಡೆ ಮಾತ್ರ, ಎಲ್ಲವೂ ಕೇಳುತ್ತಿತ್ತು.

ಒಬ್ಬ ಹುಡುಗಿ ಎದ್ದು, “ಟೀಚರ್, ನಿಮಗೆ ಎಂತ ಆದದ್ದು?” ಎಂದಳು.

ಅಂಥ ಪ್ರಶ್ನೆಗೆ ಜ್ವರ ಎಂದೋ, ವಾಯು ಎಂದೋ ಹೇಳಿ ಮುಗಿಸುತ್ತಿದ್ದ ಕಾಲ ಅದು.

“ನನ್ನ ಹೊಟ್ಟೆಯಲ್ಲಿ ಒಂದು ಗಡ್ಡೆ ಇತ್ತು. ಡಾಕ್ಟರು ಕೊಯ್ದು ತೆಗೆದರು” ಎಂದರು ಸಿಸಿಲಿಯಾ ಟೀಚರ್. “ಈಗ ಗಾಯ ಉಂಟು. ನಾನು ದಪ್ಪ ಆಗಿದ್ದೇನೆ, ಮೆಲ್ಲ ನಡೀತೇನೆ, ಕೂತು ಪಾಠ ಮಾಡ್ತೇನೆ. ಲೆಕ್ಕ ಮಾತ್ರ ಮೊದಲಿನ ಹಾಗೇ ಬರ್ತದೆ. ಪುಸ್ತಕ ತೆಗೀರಿ.”

ಪುಸ್ತಕಗಳು ತೆರೆದ ಶಬ್ದ ಕೇಳಿತು. ಆಮೇಲೆ ದೊಡ್ಡ ಟೀಚರ ಹೆಜ್ಜೆಗಳು ದೂರವಾದ ಶಬ್ದ. ನನಗೆ ಆ ಗಂಟೆ ಪಾಠ ಮಾಡಲಾಗಲಿಲ್ಲ. ಮಕ್ಕಳಿಗೆ ಕಾಪಿ ಬರೆಯಲು ಹೇಳಿ ಕಿಟಕಿಯಾಚೆ ನೋಡುತ್ತಾ ನಿಂತೆ.

ಲಂಗದ ಸುದ್ದಿ ಟೀಚರುಗಳ ಕೋಣೆಯಲ್ಲೆಲ್ಲ ಹಬ್ಬಿತು. ಒಂದು ವಾರ ಕಳೆದು ಒಂದು ಸಂಜೆ ದೊಡ್ಡ ಟೀಚರ್ ನನ್ನನ್ನು ಆಫೀಸಿಗೆ ಕರೆದು ಬಾಗಿಲು ಹಾಕಲು ಹೇಳಿದರು. ನನ್ನ ಕೆಲಸವೂ ಹೋಯಿತು ಎಂದುಕೊಂಡೆ. ಅವರು ಮೇಜಿನ ಮೇಲಿನ ಕಾಗದಗಳನ್ನು ಸರಿಮಾಡುತ್ತಾ, ನನ್ನ ಮುಖ ನೋಡದೆ ಕೇಳಿದರು.

“ಆ ದರ್ಜಿಯ ಹೆಂಡತಿ ಮನೆಗೆ ಬಂದು ಅಳತೆ ತೆಗೀತಾಳಾ?”

“ಬರ್ತಾಳೆ” ಎಂದೆ.

“ಕೊನೆಯ ಹೆರಿಗೆ ಆದ ಮೇಲೆ ನನ್ನ ಹೊಟ್ಟೆ ಸರಿಯಾಗಲೇ ಇಲ್ಲ. ಹನ್ನೊಂದು ವರ್ಷ ಆಯಿತು. ಲಾಡಿ ಕಟ್ಟಿದಲ್ಲಿ ದಿನಾ ಬೆಂಕಿ. ಇಷ್ಟರವರೆಗೆ ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ.”

ಅವರು ಇದ್ದಷ್ಟು ಕಾಲ ನಾನು ಹೇಳಲಿಲ್ಲ. ಹನ್ನೊಂದು ವರ್ಷ ಬೆಂಕಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನೆಟ್ಟಗೆ ನಿಂತಿದ್ದ ಆ ಹೆಂಗಸನ್ನು ನಾವು ಗಂಟುಮುಖದವಳು ಎಂದು ಕರೆಯುತ್ತಿದ್ದೆವಲ್ಲ! ಮುಂದಿನ ಸೋಮವಾರ, ಟೀಚರುಗಳು ಕೂತು ಪಾಠ ಮಾಡಬಹುದು, ಸೀರೆಗೆ ಗಂಜಿ ಹಾಕಲೇಬೇಕೆಂದಿಲ್ಲ ಎಂಬ ಸೂಚನೆ ಬಂತು. ಕಾರಣ ಬರೆದಿರಲಿಲ್ಲ.

ಆಮೇಲೆ ಬೀಫಾತಿಮಾಳ ಒಳಕೋಣೆಗೆ ಹೆಂಗಸರು ಬರತೊಡಗಿದರು. ಹೆರಿಗೆಯಲ್ಲಿ ಕೊಯ್ಯಿಸಿಕೊಂಡವರು, ಹರ್ನಿಯಾದವರು, ಸುಮ್ಮನೆ ಮೈ ಬಂದವರು. ಆಸ್ಪತ್ರೆಯ ಒಬ್ಬ ನರ್ಸು, ಬಂದರಿನ ಮೀನು ಮಾರುವವಳು, ವಕೀಲರ ಹೆಂಡತಿ. ಎಲ್ಲರೂ ದನಿ ತಗ್ಗಿಸಿ, “ಆ ಟೀಚರ ಲಂಗ ಒಂದು ಬೇಕಿತ್ತು” ಎನ್ನುತ್ತಿದ್ದರಂತೆ. ದಿನಾ ದಾರಿಯಲ್ಲಿ ಎದುರಾಗುವ, ನಗುವ, ಜಗಳವಾಡುವ ಇಷ್ಟೊಂದು ಹೆಂಗಸರು ಸೆರಗಿನಡಿ ಇಂಥದ್ದನ್ನು ಬಚ್ಚಿಟ್ಟುಕೊಂಡು ಓಡಾಡುತ್ತಿದ್ದಾರೆ ಎಂದು ತಿಳಿದಾಗ, ಊರನ್ನು ಹೊಸದಾಗಿ ನೋಡಿದಂತಾಗಿತ್ತು ನನಗೆ.

ಸಿಸಿಲಿಯಾ ಟೀಚರ್ ಮತ್ತೆ ಹದಿಮೂರು ವರ್ಷ ಪಾಠ ಮಾಡಿ ನಿವೃತ್ತರಾದರು. ಮೈ ಇಳಿಯಲಿಲ್ಲ, ಇಳಿಸಬೇಕೆಂದು ಅವರು ತಲೆ ಕೆಡಿಸಿಕೊಳ್ಳಲೂ ಇಲ್ಲ. ಬೀಳ್ಕೊಡುಗೆಯ ದಿನ ನಾನು ಕೇಳಿದೆ, “ಟೀಚರ್, ಆ ಮೊದಲ ದಿನ ನಿಮಗೆ ನಾಚಿಕೆ ಆಗಲಿಲ್ಲವಾ?”

“ಆಗದೆ ಎಂತ? ಮಕ್ಕಳ ಮುಖ ನೋಡಿದರೆ ವಾಪಸು ಹೋಗಿಬಿಡ್ತೇನೆ ಅಂತ ಹೆಜ್ಜೆ ಎಣಿಸಿಕೊಂಡು ಬಂದೆ. ಗೇಟಿನಿಂದ ಕ್ಲಾಸಿಗೆ ನೂರ ಹನ್ನೆರಡು.”

ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಈ ಬರಹ ಅರ್ಧ ಬರೆದು ನಿಲ್ಲಿಸಿ ನಿನ್ನೆ ಸೊಸೆಯ ಜೊತೆ ಆ ಶಾಲೆಗೆ ಹೋಗಿದ್ದೆ. ಕಟ್ಟಡಕ್ಕೆ ಬೇರೆ ಬಣ್ಣ ಬಂದಿದೆ. ಗೇಟೂ ಕ್ಲಾಸೂ ಇದ್ದಲ್ಲೇ ಇವೆ. ಎಂಬತ್ತು ದಾಟಿದ ಮಂಡಿನೋವಿನ ಕಾಲುಗಳಲ್ಲಿ, ಕೋಲೂರಿಕೊಂಡು, ಗೇಟಿನಿಂದ ಎಣಿಸುತ್ತಾ ನಡೆದೆ. ಎಂಟನೆಯ ಕ್ಲಾಸಿನ ಬಾಗಿಲು ತಲುಪಿದಾಗ ತೊಂಬತ್ತು. ತಪ್ಪಿರಬಹುದೆಂದು ಹಿಂದೆ ಹೋಗಿ ಮತ್ತೆ ಎಣಿಸಿದೆ. ತೊಂಬತ್ತೇ. ನನ್ನ ಈ ಮುದುಕಿ ಹೆಜ್ಜೆಗಿಂತಲೂ ಚಿಕ್ಕದಾಗಿತ್ತು, ಆ ದಿನ ಅವರು ಇಟ್ಟ ಒಂದೊಂದು ಹೆಜ್ಜೆ. ಕಿಟಕಿಯಿಂದ ನೋಡುತ್ತಿದ್ದ ನನಗೆ, ಅವರು ಆರಾಮಾಗಿ ನಡೆದು ಬರುತ್ತಿದ್ದಾರೆ ಎಂದೇ ಕಂಡಿತ್ತು.