ಝುವೈನಾಳ ಮೊಣಕಾಲು ನೋವು

ಝುವೈನಾಳಿಗೆ ಮೊಣಕಾಲು ನೋವು ಎಂಬುದು ಊರಿಗೆಲ್ಲ ಗೊತ್ತಿತ್ತು. ಅವಳ ಮೊಣಕಾಲಿಗೆ ಮಾತ್ರ ಗೊತ್ತಿರಲಿಲ್ಲ.

ಒಮಾನಿನ ಇಬ್ರಾ ಕಡೆಯ ಆ ಊರಿನಲ್ಲಿ ಖರ್ಜೂರದ ಕೊಯ್ಲು ಮುಗಿಯುತ್ತಿದ್ದಂತೆ ಮನೆಮನೆಯಲ್ಲೂ ಡೇರೆಗಳ ಧೂಳು ಕೊಡವುವ ಸದ್ದು ಶುರುವಾಗುತ್ತದೆ. ಒಳನಾಡು ಬಾಣಲೆಯ ಹಾಗೆ ಕಾದಿರುವಾಗ ಅಶ್ಖರಾದ ಕಡಲತೀರದಲ್ಲಿ ಶಾಲು ಹೊದೆಯಬೇಕು, ಅಂಥ ಗಾಳಿ. ಝುವೈನಾಳ ಗಂಡ ಹಮೂದನ ಮನೆಯವರೂ ಮಕ್ಕಳುಮರಿ, ಪಾತ್ರೆಪಗಡೆ ಸಮೇತ ಅಲ್ಲಿಗೆ ಹೋಗಿ ಬೀಡುಬಿಡುತ್ತಿದ್ದರು. ಒಂದು ಕಾಲಕ್ಕೆ ಆ ದಂಡಿನ ದಳವಾಯಿ ಹಮೂದನ ತಾಯಿ ನಸ್ರಾ. ಡೇರೆ ಎಲ್ಲಿ, ಒಲೆ ಎಲ್ಲಿ, ಮೀನು ಯಾರು ತರಬೇಕು, ಎಲ್ಲವೂ ಅವಳ ಬಾಯಿಂದಲೇ ಬರಬೇಕು. ಈಚಿನ ವರ್ಷಗಳಲ್ಲಿ ಮಾತ್ರ, "ಆಡುಗಳನ್ನ ಯಾರು ನೋಡ್ಕೋತಾರೆ? ನೀವು ಹೋಗ್ಬನ್ನಿ" ಎಂದು ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಗಂಡುಮಕ್ಕಳು ನಂಬಿದರು. ತಮಗೆ ಅನುಕೂಲವಾದುದನ್ನು ನಂಬುವುದರಲ್ಲಿ ಗಂಡುಮಕ್ಕಳು ಜಾಣರು.

ಝುವೈನಾ ನಂಬಲಿಲ್ಲ. ಗಂಡಸರ ಟೊಪ್ಪಿಗೆಗೆ ಕಸೂತಿ ಹಾಕುವುದು ಅವಳ ಕೆಲಸ. ಸೂಜಿಮೊನೆಯಷ್ಟು ತೂತುಗಳ ಸುತ್ತ ದಾರ ಸುತ್ತಿ ಸುತ್ತಿ, ಬೇರೆಯವರು ಕಾಣದ್ದನ್ನು ಕಾಣುವುದು ಅವಳಿಗೆ ಅಭ್ಯಾಸವಾಗಿತ್ತು. ಒಂದು ಮದುವೆಮನೆಯಲ್ಲಿ ಅವಳ ಕಣ್ಣು ಅತ್ತೆಯ ಕೈಮೇಲೆ ಬಿತ್ತು. ಕಾಫಿ ಕೊಡುವವರು ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಗುಟುಕು ಗುಟುಕಾಗಿ ಹೊಯ್ಯುತ್ತಲೇ ಇರುತ್ತಾರೆ. ಕುಡಿದವರು ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿದಾಗಲೇ ಸಾಕೆಂದು ಅರ್ಥ. ಮನೆಯಲ್ಲಿ ನಸ್ರಾ ಬಟ್ಟಲು ಅಲ್ಲಾಡಿಸಿದ್ದನ್ನು ಕಂಡವರೇ ಇಲ್ಲ, ಫ್ಲಾಸ್ಕು ಬರಿದಾಗಬೇಕು. ಆ ದಿನ ಮೊದಲ ಗುಟುಕಿಗೇ ಅಲ್ಲಾಡಿಸಿಬಿಟ್ಟಳು. ಆಮೇಲೊಮ್ಮೆ ಸಾವಿನ ಮನೆಗೆ ಹೋದಾಗಲೂ ಹಾಗೇ. ಕಣ್ಣಿನ ಆಸ್ಪತ್ರೆಗೆ ಹೋದ ದಿನವಂತೂ ನೀರನ್ನೂ ಮುಟ್ಟಲಿಲ್ಲ.

ಝುವೈನಾಳಿಗೆ ಎಲ್ಲವೂ ತಿಳಿದುಹೋಯಿತು. ಮುದುಕಿಯ ಮೊಣಕಾಲು ಮಡಚುವುದಿಲ್ಲ. ಮನೆಯಲ್ಲಾದರೆ ಎತ್ತರದ ಕಮೋಡಿದೆ, ಗೋಡೆಗೆ ಹಿಡಿಯಿದೆ. ಕಡಲತೀರದಲ್ಲಿ ಬಟ್ಟೆಯ ಮರೆಗೆ ಹೋಗಿ ಕುಕ್ಕರುಗಾಲಲ್ಲಿ ಕೂರಬೇಕು, ಏಳುವುದಕ್ಕೆ ಇಬ್ಬರ ಕೈ ಬೇಕು. ಇಡೀ ವಂಶವನ್ನೇ ಗದರಿಸಿದ ಹೆಂಗಸು "ಬನ್ರೇ, ನನ್ನನ್ನ ಎಬ್ಬಿಸ್ರೇ" ಎಂದು ಕೂಗುವುದುಂಟೆ? ಅದಕ್ಕಿಂತ ಆಡುಗಳ ಸಹವಾಸವೇ ಮೇಲು.

ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಿದರೆ ನಸ್ರಾ ಇನ್ನೆಂದೂ ಹೊಸಿಲು ದಾಟಳು. ಗಂಡನಿಗೆ ಹೇಳೋಣವೆಂದರೆ, ಹಮೂದ್ ಒಳ್ಳೆಯವನೇ, ಆದರೆ ಅವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲದು. ಹೀಗಾಗಿ ಝುವೈನಾಳಿಗೆ ಮೊಣಕಾಲು ನೋವು ಬಂತು.

"ಈ ಸಲ ಸಮುದ್ರಕ್ಕೆ ನಾನು ಬರಲ್ಲ. ಕೂತ್ರೆ ಏಳಕ್ಕಾಗಲ್ಲ. ಆ ಮರಳಲ್ಲಿ, ಆ ಬಟ್ಟೆ ಮರೇಲಿ... ನನ್ನ ಕೈಲಾಗಲ್ಲಪ್ಪ" ಎಂದು ಒಂದು ಸಂಜೆ ನರಳಿದಳು.

"ಅದಕ್ಕೇನ್ ಮಾಡೋಣ? ಬಚ್ಚಲುಮನೆ ಹೊತ್ಕೊಂಡ್ ಹೋಗಕ್ಕಾಗುತ್ತಾ?" ಎಂದ ಹಮೂದ್.

"ಯಾಕಾಗಲ್ಲ? ನಿಮ್ಮ ಚಿಕ್ಕಪ್ಪನ ಮಗನ ಹಳೇ ಮೀನಿನ ವ್ಯಾನು ಹಿತ್ತಲಲ್ಲಿ ಸುಮ್ನೆ ಬಿದ್ದಿದೆಯಲ್ಲ."

ಹಮೂದ್ ನಕ್ಕ. ಮಾರನೆಯ ದಿನವೂ ನರಳಾಟ ನಿಲ್ಲದಿದ್ದಾಗ ನಗು ನಿಲ್ಲಿಸಿ ವ್ಯಾನು ತಂದ. ಅಲ್ಲಿಂದ ಮುಂದೆ ಅವನಿಗೆ ನಿದ್ದೆಯಿಲ್ಲ. ಒಳಗೆ ಮಂಚ, ಮೇಲೆ ನೀರಿನ ಟ್ಯಾಂಕು, ಹಿಂದಿನ ಮೂಲೆಯಲ್ಲಿ ಕಮೋಡು, ಅದರ ಎರಡು ಕಡೆಗೂ ಕಬ್ಬಿಣದ ಹಿಡಿ, ಹತ್ತುವುದಕ್ಕೆ ಅಗಲವಾದ ತಗ್ಗು ಮೆಟ್ಟಿಲು. ಅತ್ತೆ ಕುರ್ಚಿಯಲ್ಲಿ ನಮಾಜಿಗೆ ಕೂತಿದ್ದ ಹೊತ್ತಿನಲ್ಲಿ ಝುವೈನಾ ಅವಳ ಬಚ್ಚಲಿಗೆ ನುಗ್ಗಿ, ಕಸೂತಿಯ ದಾರದಲ್ಲಿ ಕಮೋಡಿನ ಎತ್ತರ ಅಳೆದು ಗಂಟು ಹಾಕಿಕೊಂಡು ಬಂದಿದ್ದಳು.

"ಇಷ್ಟ್ ಎತ್ತರ ಯಾಕೆ? ನೀನಿರೋದೇ ಕುಳ್ಳಿ, ಕಾಲು ನೇತಾಡುತ್ತೆ" ಎಂದ ಹಮೂದ್.

"ನೋವಿರೋದು ನನಗೋ ನಿಮಗೋ? ಹೇಳಿದಷ್ಟು ಮಾಡಿ."

ಮೀನಿನ ನಾತವೊಂದು ಹೋಗಲೊಲ್ಲದು. ತಿಕ್ಕಿ ತೊಳೆದರೂ ಅದು ಜಗ್ಗಲಿಲ್ಲ. ಕೊನೆಗೆ ಬಾಗಿಲು ಹಾಕಿ, ದಿನವೂ ಒಳಗೆ ಲೋಬಾನದ ಹೊಗೆ ತುಂಬಿದರು. ಊರ ಬೆಕ್ಕುಗಳು ಆಸೆ ಬಿಟ್ಟ ದಿನ ವ್ಯಾನು ಮನೆಯಾಯಿತೆಂದು ಲೆಕ್ಕ.

ಹಮೂದನ ತಂಗಿ ರಯ್ಯಾಳಿಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು. "ಬಂದ್ಲಪ್ಪ ಮಹಾರಾಣಿ! ನಾವು ಡೇರೆ ಹೊತ್ರೆ ನಮ್ಮತ್ತಿಗೆ ಕಕ್ಕಸಿನ ಮೆರವಣಿಗೆ ಮಾಡಿಸ್ತಾಳೆ" ಎಂದು ಹೋದಲ್ಲೆಲ್ಲ ಹೇಳಿ ನಗಿಸಿದಳು. ಝುವೈನಾ ತಾನೂ ನಕ್ಕು, ಒಂದು ದಿನ ಬಲಗಾಲು, ಇನ್ನೊಂದು ದಿನ ಎಡಗಾಲು ನೀವಿಕೊಂಡಳು. ಉಪಕಾರ ಮಾಡಿ ಹೆಸರು ಪಡೆಯುವವರು ಬೇಕಾದಷ್ಟು ಜನ ಇದ್ದಾರೆ. ಹೆಸರು ಕೆಡಿಸಿಕೊಂಡು ಉಪಕಾರ ಮಾಡುವವರನ್ನು ದೀಪ ಹಿಡಿದು ಹುಡುಕಬೇಕು.

ಇನ್ನು ಉಳಿದದ್ದು ನಸ್ರಾ. "ಆಡುಗಳು..." ಎಂದು ಅವಳು ಬಾಯಿ ತೆರೆಯುವ ಮೊದಲೇ ಝುವೈನಾ ಪಕ್ಕದಲ್ಲಿ ಕೂತಳು.

"ಅತ್ತೆ, ಆಡುಗಳಿಗೆ ಪಕ್ಕದ ಮನೆಯವರನ್ನ ಒಪ್ಸಿದ್ದೀನಿ. ನನಗೆ ನೀವು ಬೇಕು. ನಾನು ಆ ಗಾಡಿ ಒಳಗೆ ಹೋದಾಗ ಬಾಗಿಲ ಹತ್ರ ಯಾರಾದ್ರೂ ಕಾವಲಿರ್ಬೇಕು. ರಯ್ಯಾನ್ನ ಕೂರ್ಸಿದ್ರೆ ಡಂಗೂರ ಹೊಡೀತಾಳೆ."

ನಸ್ರಾ ಸೊಸೆಯ ಮೊಣಕಾಲು ನೋಡಿದಳು, ಮುಖ ನೋಡಿದಳು. "ಅವಳ ಬಾಯಿ ಅಂಥದ್ದೇ, ನಿಜ" ಎಂದಳು. ಆಮೇಲೆ, "ದೇವರ ಚಿತ್ತ, ನೋಡೋಣ" ಎಂದಳು. ಹೊರಡುವ ದಿನ ಅವಳೂ ಹೊರಟಳು.

ಮರಳಿಗಿಳಿಯುವ ಮುನ್ನ, ಗಾಡಿ ಹೂತುಹೋಗದಿರಲೆಂದು, ಟೈರಿನ ಗಾಳಿ ಇಳಿಸಬೇಕೆಂಬುದು ಅಲ್ಲಿನ ಹಸುಗೂಸಿಗೂ ಗೊತ್ತು. ಹಮೂದನೂ ಇಳಿಸಿದ; ಆದರೆ ಮೇಲಿದ್ದ ತುಂಬಿದ ಟ್ಯಾಂಕನ್ನು ಮರೆತು ಸ್ವಲ್ಪವೇ ಇಳಿಸಿದ. ಅಶ್ಖರಾದ ದಂಡೆಯಲ್ಲಿ ವ್ಯಾನು ಹೊಟ್ಟೆಮಟ್ಟ ಹೂತು ಕೂತಿತು. ಕೂತದ್ದಾದರೂ ಹೇಗೆ? ಬಾಗಿಲು ನೇರವಾಗಿ ಗಂಡಸರು ಚಾಪೆ ಹಾಸಿದ ಜಾಗಕ್ಕೆ ಎದುರಾಗಿ. ಎಲ್ಲರೂ ಸೇರಿ ತಳ್ಳಿದರೂ ಅಲ್ಲಾಡಲಿಲ್ಲ.

ನಸ್ರಾಳನ್ನು ಕುರ್ಚಿಯಲ್ಲಿ ಕೂರಿಸಿ ಝುವೈನಾ ಕಾಫಿ ಹೊಯ್ದಳು. ಮುದುಕಿ ವ್ಯಾನಿನ ಬಾಗಿಲು ನೋಡಿದಳು, ಎದುರಿಗೆ ಹರಟೆ ಹೊಡೆಯುತ್ತಿದ್ದ ಗಂಡಸರನ್ನು ನೋಡಿದಳು. ಒಂದೇ ಗುಟುಕು ಕುಡಿದು ಬಟ್ಟಲನ್ನು ಅಲ್ಲಾಡಿಸಿದಳು.

ಝುವೈನಾಳ ಇಷ್ಟು ದಿನದ ನರಳಾಟ, ಲೋಬಾನ, ದಾರದ ಗಂಟು ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಫ್ಲಾಸ್ಕು ಕೆಳಗಿಟ್ಟು ನೇರವಾಗಿ ಗಂಡನ ಮುಂದೆ ಹೋಗಿ ನಿಂತಳು.

"ಏಳಿ, ಎಲ್ರೂ ಏಳಿ. ಚಾಪೆ, ಒಲೆ ಎಲ್ಲ ಆ ಕಡೆ."

"ಈಗಷ್ಟೇ ಬೆಂಕಿ ಹೊತ್ತಿಸಿದ್ದೀವಿ ಕಣೇ! ಗಾಡಿ ತಿರುಗಲ್ಲ, ಏನ್ಮಾಡೋಣ?"

"ಗಾಡಿ ತಿರುಗದಿದ್ರೆ ಬಿಡಿ. ಗಂಡಸರು ತಿರುಗ್ಲಿ."

ಗೊಣಗುತ್ತಲೇ ಗಂಡಸರು ಬೆಂಕಿ ಸಮೇತ ವ್ಯಾನಿನ ಬೆನ್ನಹಿಂದೆ ಹೋದರು. ಅವರು ಹೋದ ಜಾಗದಲ್ಲಿ ಹೆಂಗಸರ ಡೇರೆಯೇಳಬೇಕಿತ್ತು. ಗೂಟ ಬಿಗಿಯುವ ಮೊದಲೇ ಗಾಳಿ ಬೀಸಿ ಡೇರೆಯನ್ನು ಎತ್ತಿಕೊಂಡು ಹೊರಟಿತು. ಝುವೈನಾ ಎದ್ದುಬಿದ್ದು ಓಡಿದಳು. ಮರಳಿನ ದಿಬ್ಬ ಹಾರಿ, ಅಲೆಯ ಅಂಚಿನಲ್ಲಿ ಡೇರೆಯ ಮೇಲೆ ದೊಪ್ಪನೆ ಬಿದ್ದು ಹಿಡಿದು, ಹೆಗಲ ಮೇಲೆ ಹೊತ್ತುಕೊಂಡೇ ಬಂದಳು. ಬರುವಾಗಲೂ ಕುಂಟುವುದು ನೆನಪಾಗಲಿಲ್ಲ.

ರಯ್ಯಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾದಿದ್ದಳು. "ಅತ್ತಿಗೆ, ಮೊಣಕಾಲು ಎಲ್ಲಿ ಬಿಟ್ಟು ಬಂದ್ರಿ? ಅಮ್ಮಾ, ನೋಡಿದ್ಯಾ? ಇವಳ ನೋವೆಲ್ಲ ಬರೀ ನಾಟಕ! ಹಾಗಾದ್ರೆ ಈ ಗಾಡಿ ಯಾರಿಗೆ?"

ಝುವೈನಾ ಹೆಗಲ ಡೇರೆಯನ್ನು ಕೆಳಗಿಳಿಸಿದಳು. ಉತ್ತರ ತಿಳಿದವಳು ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು.

ನಸ್ರಾ ಕೋಲಿನಿಂದ ಮರಳನ್ನು ಕುಟ್ಟಿದಳು. "ನೋವು ಅವಳದ್ದು, ಅದರ ಚಿಂತೆ ನಿನಗ್ಯಾಕೆ? ಸಮುದ್ರದ ಗಾಳಿ ಕೆಲವರ ಕಾಲಿಗೆ ಒಳ್ಳೇದು, ಕೆಲವರ ನಾಲಿಗೆಗೆ ಆಗಿಬರಲ್ಲ. ಹೋಗು, ಮೀನು ತಿರುವಿ ಹಾಕು, ಸೀದ ವಾಸನೆ ಬರ್ತಿದೆ. ಆ ಗೂಟ ಹಾಗೆ ನೆಟ್ಟೋರು ಯಾರು? ಓರೆಯಾಗಿ ಹೊಡೀರೋ!"

ದಳವಾಯಿಯ ದನಿ ಕೇಳಿ ಎಷ್ಟೋ ವರ್ಷವಾಗಿತ್ತು. ಎಲ್ಲರೂ ದಡಬಡಿಸಿ ಓಡಿದರು. ಆಗ ನಸ್ರಾ ಬಟ್ಟಲನ್ನು ಸೊಸೆಯ ಮುಂದೆ ಹಿಡಿದಳು.

ಝುವೈನಾ ಹೊಯ್ದಳು. ಮುದುಕಿ ಕುಡಿದು ಮತ್ತೆ ಚಾಚಿದಳು. ಇನ್ನೊಮ್ಮೆ ಹೊಯ್ದಳು. ಅದೂ ಮುಗಿಯಿತು.

"ನಿನ್ನ ಆ ಮೊಣಕಾಲು ನೋವು" ಎಂದಳು ನಸ್ರಾ, ಕಡಲನ್ನೇ ನೋಡುತ್ತ, "ದೇವರು ಅದನ್ನ ಎಂದೂ ವಾಸಿ ಮಾಡದೇ ಇರ್ಲಿ, ಮಗಳೇ."

ಮತ್ತೆ ಬಟ್ಟಲು ಚಾಚಿದಳು. ಫ್ಲಾಸ್ಕು ಬರಿದಾಗುವವರೆಗೂ ಅದು ಅಲ್ಲಾಡಲಿಲ್ಲ.