ನೀಲಿ ಪರದೆಯ ಮುಂದೆ ನೀರು ಕುಡಿದು ಕೂತವರು

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ವಿಜಯನಗರದ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದರೆ ಹಿಂದಿನವರಿಗಿಂತ ಮೊದಲು ನನಗೆ ಸಿಟ್ಟು ಬಂದಿರುತ್ತದೆ. ಅಂಥವಳಿಗೆ ಸಿಕ್ಕ ಕೆಲಸ ನೋಡಿ, ಕೆಟ್ಟು ಬಿದ್ದ ಕಂಪ್ಯೂಟರುಗಳ ಮುಂದೆ ಕಾಯುವುದು.

ಕಂಪ್ಯೂಟರ್ ಬೀಳುವಾಗ, ಅಂದರೆ ಕೆಲಸದ ನಡುವೆ ತಟ್ಟನೆ ನಿಂತುಹೋಗುವಾಗ, ಪರದೆ ನೀಲಿಯಾಗುತ್ತದೆ. ಆ ಗಳಿಗೆಯಲ್ಲಿ ತನ್ನ ನೆನಪಿನಲ್ಲಿ ಇದ್ದುದನ್ನೆಲ್ಲ ಒಂದು ಫೈಲಿಗೆ ಸುರಿದಿಟ್ಟು ಆಮೇಲೆ ಮತ್ತೆ ಏಳುತ್ತದೆ. ಮೆಮೊರಿ ಡಂಪ್ ಅನ್ನುತ್ತೇವೆ. ಯಾಕೆ ಬಿತ್ತು ಅನ್ನುವುದಕ್ಕೆ ಹೆಚ್ಚುಕಮ್ಮಿ ಅದೊಂದೇ ಸಾಕ್ಷಿ. ಸುರಿದು ಮುಗಿಯುವ ತನಕ ಯಾರೂ ಮುಟ್ಟಬಾರದು, ಅಷ್ಟೇ.

ಬಸವೇಶ್ವರನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ರಿಸೆಪ್ಷನ್ ಕಂಪ್ಯೂಟರ್ ಆಗಾಗ ಬೀಳುತ್ತಿತ್ತು, ಡಂಪ್ ಮಾತ್ರ ಒಂದೂ ಸಿಗುತ್ತಿರಲಿಲ್ಲ. ಸೆಂಟರ್ ನಡೆಸುವ ಡಾಕ್ಟರಿಗೆ, ರಿಸೆಪ್ಷನ್ನಿಗೆ ಹೊಸದಾಗಿ ಸೇರಿದ್ದ ಗದಗ ಕಡೆಯ ಹುಡುಗಿಯ ಮೇಲೆ ಅನುಮಾನ. ಅವಳು ಬಂದ ಮೇಲೆಯೇ ಶುರುವಾಗಿದ್ದು, ಏನೋ ಒತ್ತಬಾರದ್ದು ಒತ್ತುತ್ತಾಳೆ, ಇನ್ನೊಂದು ಸಲ ಬಿದ್ದರೆ ಬೇರೆ ಕಡೆ ಕೆಲಸ ನೋಡಿಕೊಳ್ಳಲಿ ಎಂದರು. ಅವಳು ಅಲ್ಲೇ ನಿಂತಿದ್ದಳು. ಕುರುಬರಹಳ್ಳಿಯ ಪಿಜಿಯಲ್ಲಿದ್ದು ದುಡಿಯುವವಳು; ಈ ಕೆಲಸ ಹೋದರೆ ವಾಪಸ್ಸು ಊರಿಗೆ.

ಬೀಳುವಾಗ ಕಣ್ಣಾರೆ ನೋಡದೆ ಗತಿಯಿಲ್ಲ ಎಂದು ಒಂದು ಬೆಳಿಗ್ಗೆ ಅವಳ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡೆ. ಎದುರಿಗೆ ಹೊಟ್ಟೆಯ ಸ್ಕ್ಯಾನಿಗೆ ಬಂದ ಹೆಂಗಸರು. ಮೂತ್ರಕೋಶ ತುಂಬಿರಬೇಕೆಂದು ಬಾಟಲಿಗಟ್ಟಲೆ ನೀರು ಕುಡಿದು, ಕಾಲು ಬಿಗಿಹಿಡಿದು ಕೂತಿದ್ದರು. ಕಂಪ್ಯೂಟರಿಗೆ ಹೆಸರು ಏರದೆ ಯಾರನ್ನೂ ಒಳಗೆ ಕರೆಯುವಂತಿಲ್ಲ. ನೀರು ಕುಡಿಯದ ನನ್ನ ಕಾಲೂ ಕುಣಿಯುತ್ತಿತ್ತು.

ಪರದೆ ನೀಲಿಯಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಗಿಯ ಬೆರಳು ಪವರ್ ಬಟನ್ ಹತ್ತಿರ ಹೋಗಿತ್ತು. ನಾನು ಕೈ ಹಿಡಿದೆ.

"ಬಿಡ್ರೀ ಮೇಡಂ. ಪಾಪ, ಅವ್ರು ಎಷ್ಟೊತ್ತು ತಡ್ಕೊಂಡು ಕೂಡಬೇಕ್ರೀ?"

ಡಂಪ್ ಯಾಕೆ ಸಿಗುತ್ತಿರಲಿಲ್ಲ ಎಂದು ಆಗ ಹೊಳೆಯಿತು. ಬೇಗ ಎದ್ದುಬಿಡಲಿ ಎಂದು ಪ್ರತಿ ಸಲ ಬಟನ್ ಅದುಮಿ, ತನ್ನನ್ನು ಉಳಿಸಬಹುದಾಗಿದ್ದ ಸಾಕ್ಷಿಯನ್ನು ತಾನೇ ಹಾಳು ಮಾಡುತ್ತಿದ್ದಳು. ನನಗೆ ಬಹಳ ಸಂಕಟವಾಯಿತು. ಎರಡೂ ಕೈ ಮಡಿಲಲ್ಲಿ ಇಟ್ಟುಕೋ, ಏನೇ ಆದರೂ ಎತ್ತಬೇಡ ಎಂದೆ.

ಎಷ್ಟು ಸುರಿದಾಯಿತು ಎಂದು ಪರದೆಯ ಮೇಲೆ ತೋರಿಸುವ ಪರ್ಸೆಂಟು ಆಮೆ ನಡಿಗೆಯಲ್ಲಿ ಏರುತ್ತಿತ್ತು. ಆಂಟಿಯೊಬ್ಬರು ಎದ್ದು, ಈಗ ಹೋಗಿಬಂದರೆ ಮತ್ತೆ ಮೊದಲಿಂದ ನೀರು ಕುಡಿಯಬೇಕು, ಆ ಕಷ್ಟ ನಿಮಗೇನು ಗೊತ್ತು ಎಂದು ಬೈದರು. ಬೈಯುತ್ತಲೇ ಟಾಯ್ಲೆಟ್ಟಿಗೆ ಓಡಿದರು. ಗಲಾಟೆ ಕೇಳಿ ಡಾಕ್ಟರ್ ಹೊರಗೆ ಬಂದರು.

"ಏನಮ್ಮಾ, ಮತ್ತೆ ಏನೋ ಒತ್ತಿದ್ಯಾ?"

"ಅವಳು ಏನೂ ಒತ್ತಿಲ್ಲ ಸಾರ್, ನಾನು ಪಕ್ಕದಲ್ಲೇ ಇದೀನಿ. ಯಾಕೆ ಬಿತ್ತು ಅಂತ ಅದೇ ಬರ್ಕೊಳ್ತಾ ಇದೆ, ಮುಗೀಲಿ."

ಕಂಪ್ಯೂಟರ್ ಎದ್ದ ಮೇಲೆ ಫೈಲು ಸಿಕ್ಕಿತು. ರೋಗಿಗಳ ಹೆಸರು, ರಿಪೋರ್ಟು ಎಲ್ಲ ಅದರೊಳಗೆ ಇರಬಹುದಾದ್ದರಿಂದ ಎಲ್ಲಿಗೂ ಒಯ್ಯದೆ ಅಲ್ಲೇ ಓದಿ ಅಳಿಸಿದೆ. ಬೀಳುವ ಗಳಿಗೆಯಲ್ಲಿ ಏನು ನಡೆಯುತ್ತಿತ್ತು ಎನ್ನುವ ಕಡೆ ಇದ್ದುದು, ಅದೇ ಕಂಪ್ಯೂಟರಿಗೆ ಜೋಡಿಸಿದ್ದ, ಬೆರಳು ಒತ್ತಿ ಹಾಜರಿ ಹಾಕುವ ಯಂತ್ರದ ಸಾಫ್ಟ್‌ವೇರಿನ ಹೆಸರು. ಹೆಸರಿದ್ದ ಮಾತ್ರಕ್ಕೆ ತಪ್ಪು ಅದರದ್ದೇ ಅನ್ನುವಂತಿಲ್ಲ. ಯಂತ್ರವನ್ನು ಕಿತ್ತಿಟ್ಟು ಕೆಲವು ವಾರ ನೋಡಿದೆ. ಮತ್ತೆ ಬೀಳಲಿಲ್ಲ. ಅದನ್ನು ಹಾಕಿಸಿದ್ದವರು ಡಾಕ್ಟರೇ. ಹುಡುಗಿ ಸೇರಿದ ವಾರ, ಹೊಸಬಳು ಹೊತ್ತಿಗೆ ಸರಿಯಾಗಿ ಬರುತ್ತಾಳೋ ಇಲ್ಲವೋ ನೋಡಲು ಹಾಕಿಸಿದ್ದರು.

ವಿಷಯ ತಿಳಿಸಿದಾಗ ಹೌದಾ, ಸರಿ ಬಿಡಿ ಎಂದು ಒಳಗೆ ಹೋದರು. ಅವಳಿಗೆ ಒಂದು ಮಾತೂ ಹೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಆ ಕಡೆ ಈಗಲೂ ಹೋಗುತ್ತಿರುತ್ತೇನೆ. ಕಂಪ್ಯೂಟರ್ ಚೆನ್ನಾಗಿದೆ, ಅವಳ ಕೆಲಸವೂ ಉಳಿದಿದೆ. ಆದರೆ ಡಾಕ್ಟರ ಬಾಗಿಲ ಸದ್ದಾದರೆ ಸಾಕು, ಟೈಪು ಮಾಡುವುದನ್ನು ಅರ್ಧಕ್ಕೇ ಬಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ.