ಹೊರಗಿನಿಂದ ಬಂದವರಲ್ಲ

ಕಲಬುರಗಿಯಲ್ಲಿ ನನ್ನ ಬರಹ ಓದದವರಿಲ್ಲ, ನನ್ನನ್ನು ಬರಹಗಾರನೆಂದು ಒಪ್ಪುವವರೂ ಇಲ್ಲ. ನಗರಾಡಳಿತದ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಾನು ಮಾಡಿದ ಕೆಲಸವೆಂದರೆ ಪ್ರಕಟಣೆ ಬರೆಯುವುದು. 'ಪೈಪು ದುರಸ್ತಿಯ ನಿಮಿತ್ತ ನಾಳೆ ನೀರು ಸರಬರಾಜು ಇರುವುದಿಲ್ಲ' ಎಂಬುದು ನನ್ನ ಕೃತಿ. 'ಬೀದಿನಾಯಿಗಳ ವಿಷಯದಲ್ಲಿ ಸಹಕರಿಸಬೇಕಾಗಿ ಕೋರಿದೆ' ಎಂಬುದೂ ನನ್ನದೇ. ಸಹಕರಿಸಬೇಕಾದವರು ನಾಗರಿಕರೋ ನಾಯಿಗಳೋ ಎಂಬುದನ್ನು ನಾನು ಕೊನೆಯವರೆಗೂ ಸ್ಪಷ್ಟಪಡಿಸಲಿಲ್ಲ. ಇವೆಲ್ಲಕ್ಕಿಂತ ಹೆಚ್ಚು ಸಲ ಅಚ್ಚಾದದ್ದು 'ನಿಗದಿತ ದಿನಾಂಕದ ನಂತರ ಬಂದ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ' ಎಂಬ ಸಾಲು. ಆ ಸಾಲಿನ ಗಾಂಭೀರ್ಯದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ನಿವೃತ್ತನಾದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಜೇವರ್ಗಿ ಕಾಲೋನಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಬೆಳಗಿನ ಪತ್ರಿಕೆಯಲ್ಲಿ ನಾನು ಮೊದಲು ಹುಡುಕುವುದು ಪ್ರಕಟಣೆಗಳ ಮೂಲೆಯನ್ನು. ಎಲ್ಲಿ ಯಾವ ಸಹಾಯಧನ ಬಂದಿದೆ, ಯಾರಿಗೆ ಯಾವ ಸಾಲ, ಕೊನೆಯ ದಿನ ಯಾವುದು ಎಂದು ಗುರುತು ಹಾಕಿಕೊಂಡು ಸಂಬಂಧಪಟ್ಟವರಿಗೆ ಹೇಳಿ ಕಳಿಸುತ್ತೇನೆ. ಅರ್ಜಿಯನ್ನೂ ನಾನೇ ತುಂಬಿಕೊಡುತ್ತೇನೆ. ಕಾಲೋನಿಯಲ್ಲಿ ನನ್ನನ್ನು 'ಅರ್ಜಿ ಜೋಶಿ' ಅನ್ನುತ್ತಾರೆ. "ಮಂದಿ ದೇವರಿಗೆ ಹೂವು ಏರಸ್ತಾರ, ನೀವು ಸರಕಾರಕ್ಕ ಕಾಗದಾ ಏರಸ್ತೀರಿ" ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ಎರಡು ಕಡೆಯೂ ಫಲ ಸಿಗುವುದು ಅಷ್ಟಕ್ಕಷ್ಟೇ ಎಂದು ನಾನು ಉತ್ತರ ಕೊಡುತ್ತೇನೆ. ಆದರೆ ಈಚೆಗೆ ಆ ಉತ್ತರ ಕೊಡುವ ಉಮೇದು ನನಗೆ ಉಳಿದಿಲ್ಲ. ಯಾಕೆಂದು ಹೇಳಿಬಿಡುತ್ತೇನೆ, ಹೇಳದಿದ್ದರೆ ಊಟ ರುಚಿಸುವುದಿಲ್ಲ.

ಕಮಲಾಪುರದ ಕೆಂಪು ಬಾಳೆಹಣ್ಣು ನಿಮಗೆ ಗೊತ್ತಿರಬೇಕು. ಅದನ್ನು ಬುಟ್ಟಿಯಲ್ಲಿ ಹೊತ್ತು, ಬಸ್ಸಿನಲ್ಲಿ ಬಂದು, ನಮ್ಮ ಓಣಿಗಳಲ್ಲಿ ಮಾರುವವಳು ಬಿಲ್ಕೀಸಬಿ. ವಯಸ್ಸು ಅರವತ್ತರ ಹತ್ತಿರ. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಒಬ್ಬಳೇ ಮಗಳನ್ನು ದೂರದ ಊರಿಗೆ ಕೊಟ್ಟಿದ್ದಾಳೆ. ಎತ್ತರದ ಮೈಕಟ್ಟು, ಗಾಢ ಕಪ್ಪು ಬಣ್ಣ, ಸೆರಗಿನೊಳಗೆ ಅಡಗದ ಗುಂಗುರು ಗುಂಗುರು ಕೂದಲು. ಆಕೆಯ ಮುತ್ತಜ್ಜ ನಿಜಾಮರ ಕುದುರೆ ಪಡೆಯಲ್ಲಿ ಹಬ್ಶಿ ಸವಾರನಾಗಿದ್ದನಂತೆ. ಸಮುದ್ರದಾಚೆಯ ಆಫ್ರಿಕಾದಿಂದ ಹೈದರಾಬಾದಿಗೆ ಬಂದವನು ಅಲ್ಲಿಂದ ಹೇಗೋ ಕಮಲಾಪುರಕ್ಕೆ ಬಂದು, ಮದುವೆಯಾಗಿ, ಇಲ್ಲಿಯ ಮಣ್ಣಿಗೇ ಸೇರಿಹೋದ. ಆಮೇಲೆ ಹುಟ್ಟಿದವರೆಲ್ಲ ಕಮಲಾಪುರದವರೇ. ಬಿಲ್ಕೀಸಬಿ ಮನೆಯಲ್ಲಿ ದಖನಿ ಉರ್ದು ಆಡುತ್ತಾಳೆ, ಓಣಿಯಲ್ಲಿ ನನಗಿಂತ ಗಟ್ಟಿ ಕನ್ನಡ ಆಡುತ್ತಾಳೆ.

ಆದರೂ ಹೊಸಬರು ಹಣ್ಣು ಕೊಳ್ಳುವ ಮೊದಲು ಆಕೆಯ ಮುಖ ನೋಡಿ, "ನೀ ಯಾವ ದೇಶದಾಕಿ?" ಎಂದು ಕೇಳುತ್ತಾರೆ. "ಕಮಲಾಪುರ ದೇಶದಾಕಿ ಇದ್ದೀನ್ರಿ" ಎಂದು ಆಕೆ ನಗುತ್ತಲೇ ಹೇಳುತ್ತಾಳೆ. ಆ ನಗೆಯನ್ನು ನಾನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ. ಅದು ದಿನದಿನಕ್ಕೂ ಸವೆಯುತ್ತಿತ್ತು ಎಂಬುದು ಮಾತ್ರ ನನ್ನ ಗಮನಕ್ಕೆ ಬಂದಿರಲಿಲ್ಲ.

ಹೋದ ವರ್ಷ ಆಕೆಯ ಮೊಣಕಾಲು ಕೈಕೊಟ್ಟವು. ತಲೆಯ ಮೇಲೆ ಭಾರ ಹೊರಕೂಡದೆಂದು ಡಾಕ್ಟರು ಹೇಳಿದರು. ಹೊರದೆ ಹೊಟ್ಟೆಗೇನು ಎಂದು ಡಾಕ್ಟರು ಹೇಳಲಿಲ್ಲ. ನಮ್ಮ ಕಾಲೋನಿಯ ಶಾಲೆಯ ಮಗ್ಗುಲಿಗೆ ಒಂದು ಬೇವಿನ ಮರವಿದೆ. ಅದರ ನೆರಳಿನಲ್ಲಿ ಒಂದು ಡಬ್ಬಿ ಅಂಗಡಿ ಇಟ್ಟುಕೊಂಡು ಕುಳಿತರೆ ಸಾಕು, ಹಣ್ಣನ್ನು ಕಮಲಾಪುರದಿಂದ ಟೆಂಪೋದವರು ತಂದು ಇಳಿಸುತ್ತಾರೆ ಎಂಬುದು ಆಕೆಯ ಲೆಕ್ಕಾಚಾರ. ಮರದ ಬುಡದಲ್ಲಿ ನಿಂತು, ಬಾಗಿಲು ಈ ಕಡೆ, ಗೊನೆ ತೂಗುವ ಕೊಕ್ಕೆ ಆ ಕಡೆ ಎಂದು ನನ್ನ ಹೆಂಡತಿಗೆ ತೋರಿಸಿಯೂ ಇದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಪ್ರಕಟಣೆಯ ಮೂಲೆಯಲ್ಲಿ ನಾನು ಜನ್ಮದಲ್ಲಿ ಕಾಣದ ಸುದ್ದಿ ಕಂಡಿತು. ಪೂರ್ವಜರು ಆಫ್ರಿಕಾದಿಂದ ವಲಸೆ ಬಂದಿರುವ ಸಮುದಾಯದವರಿಗೆ, ನಗರದಲ್ಲಿ ಸಣ್ಣ ವ್ಯಾಪಾರ ಮಾಡುವವರಾದರೆ, ಅಂಗಡಿ ಇಡಲು ಸಹಾಯಧನ. ಓದಿ ಕಟ್ಟೆಯಿಂದ ಜಿಗಿಯುವುದೊಂದು ಬಾಕಿ. ಈ ಜಿಲ್ಲೆಯಲ್ಲಿ ಅಂಥ ಅರ್ಜಿ ಹಾಕುವವರು ಬೆರಳೆಣಿಕೆಯಷ್ಟು ಇರಬಹುದು, ಬಿಲ್ಕೀಸಬಿಗೆ ಸಿಗದೆ ಇನ್ಯಾರಿಗೆ ಸಿಗುತ್ತದೆ?

ಆಕೆಗೆ ಓದಿ ಹೇಳಿದೆ. ಬುಟ್ಟಿ ಇಳಿಸಿ ಕುಳಿತಳು. "ಆಫ್ರಿಕಾದಾಕಿ ಅಂತ ಬರದು ಕೊಡಬೇಕೇನ್ರಿ ಸಾಹೇಬ್ರ?" ಎಂದಳು. "ಅದೆಲ್ಲಾ ನನಗ ಬಿಡ್ರಿ. ನಾ ಬರೀತೀನಿ" ಎಂದೆ. ಮರುದಿನ ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಂದಳು.

ಇಲ್ಲಿ ನಮ್ಮ ಭಾಗದ ಒಂದು ರೂಢಿಯನ್ನು ಹೇಳಬೇಕು, ಹೇಳದಿದ್ದರೆ ನನ್ನ ಮೂರ್ಖತನ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಸಂವಿಧಾನದಲ್ಲಿ ನಮ್ಮ ಭಾಗಕ್ಕೆಂದೇ ಮುನ್ನೂರಾ ಎಪ್ಪತ್ತೊಂದು ಜೆ ಎಂಬ ಕಲಮು ಇದೆ. ಕಾಲೇಜಿನ ಸೀಟು, ಸರಕಾರಿ ನೌಕರಿ ಯಾವುದಕ್ಕೇ ಹೋಗಲಿ, ನಾವು ಇಲ್ಲಿಯವರೇ, ನಮ್ಮಪ್ಪ ಇಲ್ಲಿಯವನೇ ಎಂದು ಸಾಬೀತು ಮಾಡಿದರೆ ನಮಗೆ ಒಂದು ಪಾಲು ಸಿಗುತ್ತದೆ. ಹೀಗಾಗಿ ಇಲ್ಲಿ ಮಗು ಹುಟ್ಟಿದ ಮನೆಯಲ್ಲಿ ತೊಟ್ಟಿಲಿನ ಜೊತೆಗೆ ಒಂದು ಫೈಲೂ ತಯಾರಾಗುತ್ತದೆ. ಅಪ್ಪನ ಶಾಲೆಯ ದಾಖಲೆ, ಅಜ್ಜನ ಪಹಣಿ, ಮತದಾರರ ಯಾದಿ, ವಾಸಸ್ಥಳದ ಪತ್ರ. 'ಸ್ಥಳೀಯ' ಎಂದು ಕಂಡಲ್ಲಿ ಗೆದ್ದೆವು ಎಂದೂ, 'ಹೊರಗಿನ' ಎಂದು ಕಂಡಲ್ಲಿ ಕೆಟ್ಟೆವು ಎಂದೂ ನಮ್ಮ ಕೈ ತಾನೇ ಕಲಿತುಬಿಟ್ಟಿದೆ. ನಾನು ಅಂಥ ಅರ್ಜಿಗಳನ್ನು ಎಷ್ಟು ತುಂಬಿದ್ದೇನೋ ಲೆಕ್ಕವಿಲ್ಲ, ಒಂದೂ ತಿರುಗಿ ಬಂದಿರಲಿಲ್ಲ.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಒಳಗಿನವರು ಯಾರು, ಹೊರಗಿನವರು ಯಾರು ಎಂದು ಕೆದಕಲು ಹೋದರೆ ಯಾರ ಮನೆಯೂ ಉಳಿಯುವುದಿಲ್ಲ. ನಾನೇ ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ ಆಡುವವನು. ನಮ್ಮ ಹಿರಿಯರು ಗೋದಾವರಿಯ ಕಡೆಯಿಂದ ಪಂಚಾಂಗ ಕಂಕುಳಲ್ಲಿಟ್ಟುಕೊಂಡು ಬಂದವರು. ಬಹಮನಿಗಳ ಕಾಲಕ್ಕೇ ಹಬ್ಶಿಗಳು ಇಲ್ಲಿಯ ದರಬಾರಿನಲ್ಲಿ ದೊಡ್ಡ ದೊಡ್ಡ ಹುದ್ದೆ ಏರಿದ್ದರು, ಆಗ ನಮ್ಮವರು ಎಲ್ಲಿದ್ದರೋ. ಇನ್ನು ನಾವು ದಿನಾ ಬಡಿದು ತಿನ್ನುವ ರೊಟ್ಟಿಯ ಜೋಳ, ಅದರ ತವರು ಆಫ್ರಿಕಾ ಎಂದು ಬಲ್ಲವರು ಹೇಳುತ್ತಾರೆ. ಸಾವಿರಾರು ವರ್ಷದ ಹಿಂದೆ ಬಂದ ಆ ವಲಸೆಗಾರನನ್ನು ನಾವು ಯಾವ ಪತ್ರವನ್ನೂ ಕೇಳದೆ ಎಣ್ಣೆಗಾಯಿ ಪಲ್ಯದ ಜೊತೆ ಒಳಗೆ ಬಿಟ್ಟುಕೊಂಡಿದ್ದೇವೆ. ಇಷ್ಟೆಲ್ಲ ಗೊತ್ತಿರುವ ಜಾಣ ನಾನು. ಓದಿದ್ದು ಒಂದು ಕಡೆ, ಕೈಗೆ ಹತ್ತಿದ ಚಟ ಇನ್ನೊಂದು ಕಡೆ.

ಬಿಲ್ಕೀಸಬಿಯ ಚೀಲದಲ್ಲಿ ಒಂದು ಹಳೆಯ ಉರ್ದು ಕಾಗದವಿತ್ತು. ಮಡಿಕೆಯಲ್ಲೆಲ್ಲ ಹರಿದು, ಅರ್ಧ ಅಳಿಸಿಹೋಗಿತ್ತು. ಮುತ್ತಜ್ಜನ ನೌಕರಿಯ ಕಾಗದ, ಅದರಲ್ಲಿ 'ಹಬ್ಶಿ ಸವಾರ' ಎಂದು ಬರೆದಿದೆ ಎಂದು ಊರಿನ ಮೌಲ್ವಿಗಳು ಓದಿ ಹೇಳಿದ್ದರಂತೆ. "ಸಾಹೇಬ್ರ, ಇದು ಬೇಕಾಗ್ತದೇನ್ರಿ?" ಎಂದು ಎರಡು ಕೈಯಲ್ಲಿ ಹಿಡಿದು ಕೇಳಿದಳು. ನಾನು ಅದನ್ನು ನೋಡಿ ಮೂಗು ಮುರಿದೆ. "ಇದು ಬ್ಯಾಡ್ರಿ. ಇಂಥ ಹರಕ ಕಾಗದಾ ಹಚ್ಚಿದ್ರ ಅರ್ಜಿ ಲಕ್ಷಣಾ ಕೆಡ್ತದ. ಜ್ವಾಕಿ ಇಟಗೋರಿ ಮನ್ಯಾಗ" ಎಂದು ತಿರುಗಿ ಕೊಟ್ಟೆ. ಅದರ ಬದಲು ಆಕೆಯ ಅಪ್ಪನ ಶಾಲೆಯ ದಾಖಲೆ, ವಾಸಸ್ಥಳದ ಪತ್ರ, ಹಳೆಯ ಮತದಾರರ ಯಾದಿಯ ಪ್ರತಿ ಎಲ್ಲವನ್ನೂ ಅಂದವಾಗಿ ಜೋಡಿಸಿದೆ. ಕುಟುಂಬದ ವಿವರ ಎಂಬಲ್ಲಿ ನನ್ನ ಇಡೀ ಸೇವಾವಧಿಯ ಪಾಂಡಿತ್ಯವನ್ನು ಸುರಿದು, ಒಂದೇ ಉಸಿರಿಗೆ ಬರೆದೆ: 'ಅರ್ಜಿದಾರರ ಕುಟುಂಬವು ತಲೆತಲಾಂತರದಿಂದ ಕಮಲಾಪುರದ ಖಾಯಂ ನಿವಾಸಿಯಾಗಿದ್ದು, ಸದರಿಯವರು ಹೊರಗಿನಿಂದ ಬಂದವರಲ್ಲ.'

ಬರೆದು, ಗಟ್ಟಿಯಾಗಿ ಓದಿದೆ. ಬಿಲ್ಕೀಸಬಿ ತಲೆದೂಗಿದಳು. ಹೆಂಡತಿ ಚಹಾ ತಂದಳು. ಅರ್ಜಿ ಎಂದರೆ ಹೀಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಎರಡು ತಿಂಗಳು ಆಕೆ ಬಂದಾಗಲೆಲ್ಲ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, "ಏನರ ಬಂತೇನ್ರಿ?" ಎಂದು ಕೇಳುತ್ತಿದ್ದಳು. ಪತ್ರ ಬರಲೆಂದು ನನ್ನ ಮನೆಯ ವಿಳಾಸ ಕೊಟ್ಟಿದ್ದೆ. ಕೊನೆಗೆ ಬಂತು. 'ಸಲ್ಲಿಸಿದ ದಾಖಲೆಗಳನ್ನು ಪರಿಶೀಲಿಸಲಾಗಿ, ಅರ್ಜಿದಾರರ ಕುಟುಂಬವು ತಲೆತಲಾಂತರದಿಂದ ಕಮಲಾಪುರದ ಸ್ಥಳೀಯ ಕುಟುಂಬವಾಗಿದ್ದು, ಹೊರಗಿನಿಂದ ಬಂದವರಲ್ಲವೆಂದು ಖಚಿತಪಟ್ಟಿರುತ್ತದೆ. ಆದಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ಎರಡೇ ವಾಕ್ಯ, ಮೊದಲನೆಯದು ನನ್ನದೇ.

ಕಚೇರಿಗೆ ಓಡಿದೆ. ಆ ವಿಭಾಗದಲ್ಲಿದ್ದವನು ನನ್ನ ಕೈಕೆಳಗೇ ಕೆಲಸ ಕಲಿತ ಶರಣಪ್ಪ. ಎದ್ದು ನಿಂತು ಕುರ್ಚಿ ಕೊಟ್ಟ, ಫೈಲು ತೆಗೆದು ತೋರಿಸಿದ. "ಸರ್, ಹೊರಗಿನಿಂದ ಬಂದವರಲ್ಲ ಅಂತ ನೀವೇ ಬರದೀರಿ. ಅಕ್ಷರ ನೋಡಿದ ಕೂಡ್ಲೆ ನಿಮ್ದೇ ಅಂತ ಗೊತ್ತಾತ್ರಿ. ನಾ ಏನ್ ಮಾಡ್ಲಿರಿ?" ಎಂದ. ಹಳೆಯ ಉರ್ದು ಕಾಗದದ ವಿಷಯ ಹೇಳಿದೆ. "ಅದೊಂದು ಹಚ್ಚಿದ್ರ ಸಾಕಿತ್ರಿ ಸರ್" ಎಂದು ಬಹಳ ಮೆಲ್ಲಗೆ ಹೇಳಿದ. ಈಗ ತಂದುಕೊಡಲೇ ಎಂದರೆ ತಲೆ ತಗ್ಗಿಸಿದ. ಗೋಡೆಗೆ ಅಂಟಿಸಿದ್ದ ಪ್ರಕಟಣೆಯ ಕೊನೆಯ ಸಾಲಿನತ್ತ ಆತ ಕೈ ತೋರಿಸಲಿಲ್ಲ, ಅದು ಅವನ ದೊಡ್ಡತನ. ನಿಗದಿತ ದಿನಾಂಕದ ನಂತರ ಬಂದ ಅರ್ಜಿಗಳ ಕುರಿತ ನನ್ನ ಆ ಸಾಲನ್ನು ನಾನೇ ನೋಡಿದೆ. ಮೂವತ್ತು ವರ್ಷದಲ್ಲಿ ಆ ಸಾಲು ಎಷ್ಟು ಜನರನ್ನು ಬಾಗಿಲಿನಿಂದ ಹೀಗೇ ಹಿಂದಕ್ಕೆ ಕಳಿಸಿರಬಹುದೆಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಮರುದಿನ ಹುಮನಾಬಾದ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕರಡು ತಿದ್ದಿದೆ, ಒಂದೂ ಸರಿಯಾಗಲಿಲ್ಲ. ಬಿಲ್ಕೀಸಬಿ ಬಾಗಿಲಲ್ಲಿ ಕಾಲು ಚಾಚಿಕೊಂಡು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. "ಅರೆ, ಸಾಹೇಬ್ರು ನಮ್ಮನಿತನಾ ಬಂದಾರ!" ಎಂದು ಏಳಲು ಹೋಗಿ, ಗೋಡೆ ಹಿಡಿದು, ಮತ್ತೆ ಕುಳಿತಳು. ನಾನು ಪೀಠಿಕೆ ಬಿಟ್ಟು ಪತ್ರವನ್ನೇ ಓದಿದೆ.

"ಆ ಮೊದಲಿಂದು ಇನ್ನೊಮ್ಮೆ ಓದ್ರಿ" ಎಂದಳು. ಓದಿದೆ.

"ಹಂಗ ಸರಕಾರ ಬರದದೇನ್ರಿ? ಶಿಕ್ಕಾ ಅದ?"

"ಅದ. ಸಹಿನೂ ಅದ."

ಪತ್ರ ಇಸಿದುಕೊಂಡು ಸರಕಾರಿ ಮೊಹರಾದ ಆ ನೀಲಿ ಶಿಕ್ಕಾದ ಮೇಲೆ ಬೆರಳಾಡಿಸಿದಳು. "ನಮ್ಮ ಅಬ್ಬಾ ಇಲ್ಲಿ ಸಾಲ್ಯಾಗ ಗಂಟಿ ಹೊಡಿತಿದ್ದರಿ. ಹೊಸಾ ಮಾಸ್ತರು ಯಾರೇ ಬರ್ಲಿ, ಯಾವ ದೇಶದಾಂವ ಅಂತ ಅಂವಗ ಕೇಳೂದೇ. ನಾ ಇಲ್ಲಿಯಾಂವ, ನಾ ಇಲ್ಲಿಯಾಂವ ಅನಕೋತನೇ ಹೋಗಿಬಿಟ್ಟ. ಈ ಕಾಗಜ ಅಂವಗ ಸಿಗಬೇಕಿತ್ರಿ ಸಾಹೇಬ್ರ" ಎಂದಳು. ಕಣ್ಣು ತುಂಬಿದ್ದವು. ನನಗೆ ಅಲ್ಲಿ ಕೂರಲಾಗಲಿಲ್ಲ. ತಪ್ಪು ನನ್ನದು, ಆ ಹರಿದ ಕಾಗದ ಹಚ್ಚಿದ್ದರೆ ಅಂಗಡಿ ಸಿಗುತ್ತಿತ್ತು, ನಾನೇ ಬೇಡವೆಂದು ತೆಗೆದಿಟ್ಟೆ ಎಂದು ಹೇಳಿಬಿಟ್ಟೆ.

ಎಣ್ಣೆಯ ಬಟ್ಟಲಿನ ಮೇಲೆ ನೊಣ ಕೂತಿತ್ತು, ಆಕೆ ಅದನ್ನು ಓಡಿಸಲಿಲ್ಲ. "ಅಂದ್ರ ನಾವು ಇಲ್ಲಿಯವರಲ್ಲ ಅಂದಿದ್ರ ಬೇವಿನಗಿಡದ ಬುಡಕ್ಕ ಜಾಗಾ ಕೊಡ್ತಿದ್ರು. ಇಲ್ಲಿಯವರು ಅಂದದ್ದಕ್ಕ ಕೊಡಲಿಲ್ಲ" ಎಂದು ಕೊನೆಗೆ ತನಗೆ ತಾನೇ ಹೇಳಿಕೊಂಡಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬಸ್ಸಿನಲ್ಲಿ ತಿರುಗಿ ಬರುವಾಗ ನನಗೆ ಅಷ್ಟು ಅಳು ಬರುತ್ತಿರಲಿಲ್ಲ.

ಈಗಲೂ ಆಕೆ ಬರುತ್ತಾಳೆ. ಬುಟ್ಟಿ ಸಣ್ಣದಾಗಿದೆ, ಎರಡು ಮನೆಗೊಮ್ಮೆ ಕಟ್ಟೆ ಹುಡುಕಿ ಕೂರುತ್ತಾಳೆ. ಹೋದ ವಾರ ನಮ್ಮ ಮಹಡಿಗೆ ಮೈಸೂರಿನ ಕಡೆಯ ಹೊಸ ಬಾಡಿಗೆದಾರರು ಬಂದರು. ಆ ಮನೆಯಾಕೆ ಒಳ್ಳೆಯ ಹೆಣ್ಣುಮಗಳು, ಕೆಳಗಿಳಿದು ಬಂದು ಹಣ್ಣು ಕೊಂಡು, "ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಮ್ಮ! ನಿಮ್ಮದು ಯಾವ ದೇಶ?" ಎಂದು ಅಕ್ಕರೆಯಿಂದಲೇ ಕೇಳಿದಳು. ಬಿಲ್ಕೀಸಬಿ ನಗಲಿಲ್ಲ. ಸೊಂಟದ ಚೀಲದಿಂದ ಲ್ಯಾಮಿನೇಶನ್ ಮಾಡಿಸಿದ ಪತ್ರವನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ಸಾಹೇಬ್ರ, ಅವರಿಗಿ ಓದಿ ಹೇಳ್ರಿ."

ಓದಿದೆ. ಸರಕಾರಿ ಪತ್ರವನ್ನು ನಡುವೆ ನಿಲ್ಲಿಸಿದವನಲ್ಲ ನಾನು. ಆ ದಿನ 'ಖಚಿತಪಟ್ಟಿರುತ್ತದೆ' ಎಂಬಲ್ಲಿಗೆ ನಿಲ್ಲಿಸಿದೆ, ಎರಡನೆಯ ವಾಕ್ಯವನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದು ಆ ಹೆಣ್ಣುಮಗಳಿಗೆ ಶಿಕ್ಕಾ ತೋರಿಸಿದೆ. "ಕೇಳಿದಿರಿಲ್ರಿ?" ಎಂದಳು ಬಿಲ್ಕೀಸಬಿ. ಅವಳ ದನಿಯಲ್ಲಿ ಅಂಥ ಠೀವಿಯನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ಕಟ್ಟೆಯನ್ನು ಹಿಡಿದು ನಿಧಾನವಾಗಿ ಎದ್ದು ನಿಂತು, "ಸ್ವಲ್ಪ ಕೈ ಹಚ್ಚರಿ ಸಾಹೇಬ್ರ" ಎಂದಳು. ಬುಟ್ಟಿಯನ್ನು ತಲೆಗೆ ಏರಿಸಿಕೊಡಲು ಎರಡೂ ಕೈ ಬೇಕಾಗುತ್ತದೆ. ಪತ್ರವನ್ನು ಕಟ್ಟೆಯ ಮೇಲಿಟ್ಟು ಹೆಬ್ಬೆರಳನ್ನು ತೆಗೆಯಲೇಬೇಕಾಯಿತು.